ಸನ್ನತಿಯ ಒಂದು ಕಲ್ಲು, ಪೈಥಾನ್‌ನ ಒಂದು ಕೀ

ಶಾಸನಗಳ ಪಟ್ಟಿ ಮಾಡೋರ ಹತ್ರ ಸಾಮಾನ್ಯವಾಗಿ ಇರೋದು ಎಕ್ಸೆಲ್ ಹಾಳೆ: ಊರು, ತಾಲ್ಲೂಕು, ಕಾಲ, ಭಾಷೆ, ಲಿಪಿ. ಪೈಥಾನ್‌ಗೆ ತಂದಾಗ ಅದು ಸಾಲು ಸಾಲಾದ ಲಿಸ್ಟ್ ಆಗ್ತದ. ಕುರಕುಂಟಾದಲ್ಲಿ ಕೂತು ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಶಾಸನಗಳನ್ನು ನಾನೂ ಹೀಗೇ ಬರೆದಿಟ್ಟಿದ್ದೆ. ಒಂದೂರಿನ ಶಾಸನ ಬೇಕಂದ್ರೆ ಪ್ರತಿ ಸಲ ಮೇಲಿಂದ ಕೆಳಗಿನ ತನಕ ಹುಡುಕಬೇಕು. ಡಿಕ್ಷನರಿ ಮಾಡಿಟ್ಟರೆ ಊರ ಹೆಸರು ಕೊಟ್ಟ ಕೂಡಲೇ ಮಾಹಿತಿ ಬರ್ತದ. ಆದರೆ ಕೀ ಆಗಿ ಏನನ್ನು ಇಡ್ತೀರಿ ಅನ್ನೋದು ಮುಖ್ಯ.

ಸನ್ನತಿಯನ್ನೇ ತಗೊಳ್ರಿ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಇರೋದು 1989ರಲ್ಲಿ ಗೊತ್ತಾಯಿತು. ಕಲ್ಲು ಒಂದೇ, ಎರಡೂ ಮುಖಕ್ಕೆ ಬರಹ: 12 ಮತ್ತು 14ನೆಯ ಬಂಡೆ ಶಾಸನಗಳ ಭಾಗ, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ನನ್ನ ಪಟ್ಟಿಯಲ್ಲಿ ಇವು ನಾಲ್ಕು ಸಾಲು. ಊರನ್ನು ಕೀ ಮಾಡಿ ಒಂದೊಂದೇ ಸಾಲು ತುಂಬಿಸಿದೆ. ಉಳಿದದ್ದು ಕೊನೆಯದು ಮಾತ್ರ! ಅದೇ ಕೀ ಮತ್ತೆ ಬಂದರೆ ಪೈಥಾನ್ ಹಳೆಯದನ್ನು ಅಳಿಸಿ ಹೊಸದನ್ನು ಇಡ್ತದ; ಎರರ್ ಕೂಡ ಕೊಡಲ್ಲ. ಎರಡು ಸಾವಿರ ವರ್ಷ ಉಳಿದ ಬರಹ ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಕ್ಷಣ ಉಳಿಯಲಿಲ್ಲ.

ಊರಿನ ಕೀ ಒಳಗೆ ಖಾಲಿ ಲಿಸ್ಟ್ ಇಟ್ಟು ಅದಕ್ಕೆ ಸೇರಿಸ್ತಾ ಹೋದರೆ ಅಳಿಯೋದು ತಪ್ಪತದ. ಸೆಟ್‌ಡಿಫಾಲ್ಟ್ ಈ ಕೆಲಸಕ್ಕೇ ಇರೋದು. ಆದರೆ ನಾಲ್ಕು ಪಾಠ ಒಂದೇ ಕಲ್ಲಿನವು ಅನ್ನೋದು ಅದರಲ್ಲಿ ಕಾಣಲ್ಲ. ಹಾಗಾಗಿ ನಾನು ಪ್ರತಿ ಕಲ್ಲಿಗೂ ಒಂದು ಗುರುತು ಕೊಟ್ಟೆ:

{"ಸನ್ನತಿ-1": {"ಊರು": "ಸನ್ನತಿ", "ಭಾಷೆ": "ಪ್ರಾಕೃತ", "ಲಿಪಿ": "ಬ್ರಾಹ್ಮಿ", "ಪಾಠಗಳು": ["12ನೆಯದು", "14ನೆಯದು", "ಪ್ರತ್ಯೇಕ 1", "ಪ್ರತ್ಯೇಕ 2"]}}

ತಾಲ್ಲೂಕನ್ನು ಹೊರಗಿನ ಕೀ ಮಾಡೋ ಆಸೆ ಎಲ್ಲರಿಗೂ ಬರ್ತದ. ಬೇಡ. ಚಿತ್ತಾಪುರದಲ್ಲಿದ್ದ ಕಾಳಗಿ ಈಗ ಬೇರೆ ತಾಲ್ಲೂಕು. ಸುರಪುರ, ಶಹಾಪುರ 2009ರಲ್ಲಿ ಯಾದಗಿರಿ ಜಿಲ್ಲೆಗೆ ಹೋದವು. ತಾಲ್ಲೂಕು ಒಳಗಿನ ಒಂದು ವಿವರವಾಗಿರಲಿ, ಹಳೇದು ಹೊಸದು ಎರಡೂ.

ಹೆಸರಿನದು ಇನ್ನೊಂದು ತಲೆನೋವು. ಹೈದರಾಬಾದ್ ಪುರಾತತ್ವ ಮಾಲಿಕೆಯಲ್ಲಿ ನಾಗಾಯ್ ಅಂತಿರೋದು ನಮ್ಮ ನಾಗಾವಿ. ಇದಕ್ಕೆ ಪರ್ಯಾಯ ಹೆಸರುಗಳ ಒಂದು ಸಣ್ಣ ಡಿಕ್ಷನರಿ ಸಾಕು. ಕಣ್ಣಿಗೆ ಕಾಣದ್ದು ಬೇರೆಯೇ ಅದ. ‘ಸೇಡಂ’ನ ಏತ್ವವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಎತ್ವ ಮತ್ತು ದೀರ್ಘದ ಗುರುತು ಅಂತ ಎರಡು ಚಿಹ್ನೆಯಾಗಿಯೂ ಬರೀಬಹುದು. ತೆರೆಯ ಮೇಲೆ ಎರಡೂ ಒಂದೇ, ಪೈಥಾನ್‌ಗೆ ಎರಡು ಬೇರೆ ಊರು! ಕೀ ಮಾಡೋ ಮೊದಲು ಎಲ್ಲ ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದ್ರೆ ಇದು ಸರಿಹೋಗ್ತದ.

ಕಾಲದ ವಿಷಯಕ್ಕೆ ಬಂದರೆ, ಘಟಿಕಾಸ್ಥಾನದಿಂದ ಹೆಸರಾದ ನಾಗಾವಿಯ 1058ರ ಶಾಸನ ಶಕ 980ರದ್ದು. ಶಕಕ್ಕೆ 78 ಕೂಡಿಸಿದರೆ ಆಯಿತು ಅಂತೀವಿ, ಆದರೆ ವರ್ಷದ ಕೊನೆಯ ತಿಂಗಳುಗಳಿಗೆ 79 ಆಗ್ತದ. ಚಾಲುಕ್ಯ ವಿಕ್ರಮ ವರ್ಷದ ಲೆಕ್ಕವೋ 1076ರಿಂದ ಶುರು. ಆದ್ದರಿಂದ "ಕಾಲ"ದ ಒಳಗೆ ಮತ್ತೊಂದು ಡಿಕ್ಷನರಿ ಇಡ್ರಿ: {"ಕಲ್ಲಿನಲ್ಲಿದ್ದಂತೆ": "ಶಕ 980", "ಕ್ರಿ.ಶ.": 1058}. ನಮ್ಮ ಲೆಕ್ಕ ತಪ್ಪಿದ್ದರೂ ಕಲ್ಲಿನ ಮಾತು ಹಾಗೇ ಇರ್ತದ. ಅಂದಹಾಗೆ, ‘೯೮೦’ ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೂ ಪೈಥಾನ್‌ನ ಇಂಟ್ ಅದನ್ನು ಸಂಖ್ಯೆಯಾಗಿ ಓದತದ.

ಎಲ್ಲ ಮುಗಿದ ಮೇಲೆ ಹಳೆಯ ಹಾಳೆಯ ಸಾಲುಗಳನ್ನು ಎಣಿಸ್ರಿ, ಡಿಕ್ಷನರಿಯ ಎಲ್ಲ ಪಾಠಗಳನ್ನೂ ಎಣಿಸ್ರಿ. ಎರಡೂ ಒಂದೇ ಬರೋ ತನಕ ಹಳೆಯ ಫೈಲ್ ಅಳಿಸಬ್ಯಾಡ್ರಿ.