ಮಸ್ಕಿ ಶಾಸನ ಮತ್ತು ನಿತ್ಯದ ಬೌದ್ಧ ಸಾಧನೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಮಸ್ಕಿಯ ಬಂಡೆಯೊಂದರಲ್ಲಿ, ಗೃಹಸ್ಥರಿಗೂ ಸಲ್ಲುವ ಬೌದ್ಧ ಬೋಧನೆ ಕ್ರಿ.ಪೂ. 3ನೇ ಶತಮಾನದಿಂದ ಬ್ರಾಹ್ಮಿ ಲಿಪಿಯ ಪ್ರಾಕೃತದಲ್ಲಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಇದನ್ನು ಕಂಡರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಇದ್ದುದರಿಂದ ಶಾಸನ ಹೆಸರಾಯಿತು. ಆ ಖ್ಯಾತಿಯ ಮರೆಯಲ್ಲಿ ಅದರ ಮಾತೇ ಹಿಂದೆ ಸರಿದಿದೆ.

ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆದಿದೆ, ಸಂಘದ ಬಳಿ ಸಾರಿದ್ದೇನೆ ಎನ್ನುತ್ತಾನೆ ಅರಸ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಇದೇ ಶಾಸನದ ಪಾಠದಲ್ಲಿ, ಮೊದಲ ಒಂದು ವರ್ಷ ಹೆಚ್ಚೇನೂ ಪ್ರಯತ್ನಿಸಲಿಲ್ಲ ಎಂಬ ಒಪ್ಪಿಗೆಯೂ ಇದೆ. ಚಕ್ರವರ್ತಿಯೊಬ್ಬ ಕಲ್ಲಿನಲ್ಲಿ ಹೀಗೆ ಬರೆಸುವುದು ಅಪರೂಪವೇ. ಧರ್ಮನಿಷ್ಠನಾದರೆ ಸಣ್ಣವನಿಗೂ ಪ್ರಯತ್ನದ ಫಲ ಸಿಗುತ್ತದೆ, ದೊಡ್ಡವರಿಗಷ್ಟೇ ಅಲ್ಲ ಎಂಬುದು ಮಸ್ಕಿಯ ಸಾರ.

ಬೌದ್ಧ ಅಷ್ಟಾಂಗ ಮಾರ್ಗದಲ್ಲಿ ಈ ಪ್ರಯತ್ನಕ್ಕೆ ಸಮ್ಯಕ್ ವ್ಯಾಯಾಮವೆಂದು ಹೆಸರು. ಸ್ಮೃತಿ, ಸಮಾಧಿಗಳ ಜೊತೆ ಅದು ಧ್ಯಾನದ ಭಾಗಕ್ಕೇ ಸೇರುತ್ತದೆ. ಕೆಟ್ಟ ಭಾವ ಹುಟ್ಟದಂತೆ ತಡೆಯುವುದು, ಹುಟ್ಟಿದ್ದನ್ನು ಬಿಡುವುದು, ಒಳ್ಳೆಯದನ್ನು ಮೂಡಿಸುವುದು, ಮೂಡಿದ್ದನ್ನು ಬೆಳೆಸುವುದು ಇದರ ನಾಲ್ಕು ಮುಖ. ಗದ್ದೆಗೆ ನೀರು ಬಿಡುವ ವಿಷಯದಲ್ಲಿ ಜಗಳ ಏಳುವಾಗ ಸಿಟ್ಟನ್ನು ಗುರುತಿಸಿ, ಉಸಿರಿನ ಮೇಲೆ ಗಮನವಿಟ್ಟು, ನಂತರ ಮಾತಾಡುವುದೂ ಈ ಅಭ್ಯಾಸವೇ. ಇನ್ನು ನಡತೆಯ ಮಾತು ಬ್ರಹ್ಮಗಿರಿಯಲ್ಲಿ ಸ್ಪಷ್ಟವಾಗಿದೆ: ತಂದೆತಾಯಿಗೆ ವಿಧೇಯತೆ, ಜೀವಿಗಳಲ್ಲಿ ದಯೆ, ಸತ್ಯ, ಗುರುವಿಗೆ ಗೌರವ.