ಡ್ರೈವಿಂಗ್ ಪಾಠ: ಫೋನಿನಲ್ಲಿ ಎಷ್ಟು, ರಸ್ತೆಯಲ್ಲಿ ಎಷ್ಟು?

ಪಿಯುಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಲ್ಲಿ ಒಂದು ಬೇಡಿಕೆ ತಪ್ಪದೆ ಏಳುತ್ತದೆ: ‘ಗಾಡಿ ಕಲೀಬೇಕು, ಎಲ್ಲೆಲ್ಲಾರ್ ಮಾಡಿಸ್ಕೊಡಿ.’

ಎಲ್ಲೆಲ್ಲಾರ್ ಎಂದರೆ ಕಲಿಕಾ ಪರವಾನಗಿ. ಅದಕ್ಕೆ ಹಿಂದೆ ಸಾರಿಗೆ ಕಚೇರಿಯ ಬಾಗಿಲಿಗೆ ಹೋಗದೆ ಗತಿಯಿರಲಿಲ್ಲ. ಈ ನಾಲ್ಕೂ ತಾಲ್ಲೂಕಿನ ಗಾಡಿಗಳ ಮೇಲೆ ಕಾಣುವ ‘ಕೆಎ 64’ ಮಧುಗಿರಿ ಕಚೇರಿಯದು. ಪಾವಗಡದಿಂದ ಅಲ್ಲಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಗಡಿಯ ಹಳ್ಳಿಯವರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಕಳೆದಂತೆ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಆಧಾರ್ ಆಧಾರಿತ ಆನ್‌ಲೈನ್ ಸಾರಿಗೆ ಸೇವೆಗಳನ್ನು ಪ್ರಕಟಿಸಿತು. ಕಲಿಕಾ ಪರವಾನಗಿಯೂ ಆ ಪಟ್ಟಿಯಲ್ಲಿತ್ತು. ಸುರಕ್ಷತೆಯ ವಿಡಿಯೋ ನೋಡಿ, ಮನೆಯಲ್ಲೇ ಕುಳಿತು ಪ್ರಶ್ನೆಗಳಿಗೆ ಉತ್ತರಿಸಬಹುದು. ನೂರಕ್ಕೆ ಅರವತ್ತರಷ್ಟು ಸರಿಯಾದರೆ ಪಾಸು.

ಹೀಗಿರುವಾಗ ಹುಡುಗರು ಕೇಳುವುದರಲ್ಲಿ ತಪ್ಪೇನಿಲ್ಲ: ಪರೀಕ್ಷೆಯೇ ಫೋನಿನಲ್ಲಾದ ಮೇಲೆ ಡ್ರೈವಿಂಗ್ ಕ್ಲಾಸೂ ಫೋನಿನಲ್ಲೇ ಏಕಾಗಬಾರದು? ಕೊರೊನಾ ಕಾಲದಲ್ಲಿ ಗಣಿತ, ಭೌತಶಾಸ್ತ್ರಗಳೇ ಫೋನಿನಲ್ಲಿ ನಡೆದವಲ್ಲ!

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ 2020ರಲ್ಲಿ ಹೀಗೇ ಆಯಿತು. ಅಲ್ಲಿ ಹದಿಹರೆಯದವರಿಗೆ 30 ಗಂಟೆ ತರಗತಿ ಪಾಠ, 12 ಗಂಟೆ ಸ್ಟಿಯರಿಂಗ್ ಹಿಡಿದು ಓಡಿಸುವ ಅಭ್ಯಾಸ, ಇನ್ನೊಬ್ಬರು ಓಡಿಸುವಾಗ ಕಾರಿನಲ್ಲಿ ಕುಳಿತು ನೋಡುವ 6 ಗಂಟೆ ಎಂದು ನಿಗದಿ. ಸಾಂಕ್ರಾಮಿಕದ ಕಾಲದಲ್ಲಿ ಶಿಕ್ಷಕರು ಎದುರಿಗೆ ಕುಳಿತಂತೆ ನೇರ ವಿಡಿಯೋದಲ್ಲಿ ತರಗತಿ ನಡೆಸಲು ಒಪ್ಪಿಗೆ ಸಿಕ್ಕಿತು. ಉಳಿದ ಹದಿನೆಂಟು ಗಂಟೆ ಮಾತ್ರ ರಸ್ತೆಯಲ್ಲೇ ಉಳಿಯಿತು. ಅಪ್ಪ ಅಮ್ಮಂದಿರಿಗೂ ಅಲ್ಲಿ ಎರಡು ಗಂಟೆಯ ಪಾಠವಿದೆ ಎಂಬುದನ್ನು ನಮ್ಮ ಪೋಷಕರು ಗಮನಿಸಬೇಕು.

ನಮ್ಮಲ್ಲಿನ ಲೆಕ್ಕ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 31ನೇ ನಿಯಮದ ಪ್ರಕಾರ ಡ್ರೈವಿಂಗ್ ಶಾಲೆಯ ತರಬೇತಿ ಸ್ವಂತ ಬಳಕೆಯ ಕಾರಿಗೆ 21 ದಿನಕ್ಕಿಂತ ಕಡಿಮೆ ಇರಕೂಡದು. ಅದರಲ್ಲಿ ಗಾಡಿ ಓಡಿಸುವುದೇ ಕನಿಷ್ಠ 10 ಗಂಟೆ. ಲಾರಿ, ಬಸ್ಸಿನಂಥ ಸಾರಿಗೆ ವಾಹನಕ್ಕೆ 30 ದಿನ, 15 ಗಂಟೆ. 2021ರ ಜುಲೈ 1ರಿಂದ ‘ಮಾನ್ಯತೆ ಪಡೆದ ತರಬೇತಿ ಕೇಂದ್ರ’ಗಳ ನಿಯಮ ಬಂತು. ಅಲ್ಲಿ ಕಾರಿನ ಕೋರ್ಸು 29 ಗಂಟೆ: ಎಂಟು ಗಂಟೆ ಪಾಠ, ಇಪ್ಪತ್ತೊಂದು ಗಂಟೆ ಚಾಲನೆ. ಪಾಸಾದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ. ಆದರೆ ಆ ಎಂಟು ಗಂಟೆಗೂ ಕೇಂದ್ರದ ಕೊಠಡಿಗೇ ಹೋಗಬೇಕು, ಹಾಜರಿಗೆ ಬೆರಳೊತ್ತಬೇಕು. ಪರೀಕ್ಷೆಯನ್ನು ಮನೆಗೆ ಕಳಿಸಿ ಪಾಠವನ್ನು ಕೇಂದ್ರದಲ್ಲೇ ಉಳಿಸಿಕೊಂಡದ್ದು ತುಸು ವಿಚಿತ್ರವೇ. ತಿರುಗುಮುರುಗಾಗಿದ್ದರೆ ಹಳ್ಳಿಯ ಮಕ್ಕಳಿಗೆ ಹೆಚ್ಚು ಉಪಯೋಗವಾಗುತ್ತಿತ್ತು.

ಏಕೆಂದರೆ ಪಾಠದ ಭಾಗ ಫೋನಿಗೆ ಚೆನ್ನಾಗಿ ಒಗ್ಗುತ್ತದೆ. ರಸ್ತೆ ಚಿಹ್ನೆ, ವೃತ್ತದಲ್ಲಿ ಯಾರಿಗೆ ಮೊದಲ ದಾರಿ, ಗಂಟೆಗೆ 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ ಎಂಬ ಲೆಕ್ಕ, ಇವನ್ನೆಲ್ಲ ಮೇಷ್ಟರು ಬರೆದು ತೋರಿಸಿ ಹುಡುಗರ ಹೆಸರು ಹಿಡಿದು ಪ್ರಶ್ನೆ ಕೇಳಬಹುದು. ರೆಕಾರ್ಡು ಮಾಡಿದ ವಿಡಿಯೋ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಹಾಫ್ ಕ್ಲಚ್ಚಿನಲ್ಲಿ ಗಾಡಿ ನಡುಗುವುದು ಮಾತ್ರ ಕಾಲಿಗೇ ತಿಳಿಯಬೇಕು. ಶಿರಾದ ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಹಿಂದಿನ ಲಾರಿಯ ವೇಗ ಅಂದಾಜಾಗಬೇಕು. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಒಕ್ಕಲಿಗೆಂದು ಹರಡಿದ ರಾಗಿ, ಹುರುಳಿಯ ಮೇಲೆ ಬ್ರೇಕು ಹಿಡಿದರೆ ಸ್ಕೂಟರು ಏನಾಗುತ್ತದೆ? ಇದು ಯಾವ ಪ್ರಶ್ನೆಪತ್ರಿಕೆಯಲ್ಲೂ ಇಲ್ಲ.

ಎಲ್ಲೆಲ್ಲಾರ್ ಕೈಗೆ ಬಂದರೆ ಗಾಡಿ ಬಂತೆಂದು ತಿಳಿಯುವವರಿದ್ದಾರೆ. ಅದರ ಆಯಸ್ಸು ಆರು ತಿಂಗಳು. ‘ಎಲ್’ ಫಲಕ ಇರಬೇಕು, ಕಾರಾದರೆ ಪಕ್ಕದಲ್ಲಿ ಡಿಎಲ್ ಇರುವವರು ಕೂರಬೇಕು. ಮೂವತ್ತು ದಿನ ಕಳೆದ ಮೇಲಷ್ಟೇ ಚಾಲನಾ ಪರೀಕ್ಷೆ.

ವಯಸ್ಸಿನ ವಿಚಾರದಲ್ಲಿ ಪೋಷಕರೇ ಎಡವುವುದು ಹೆಚ್ಚು. ಹದಿನಾರಕ್ಕೇ ಪರವಾನಗಿ ಸಿಗುತ್ತದೆ ಎನ್ನುವುದು ಅರ್ಧ ಸತ್ಯ. ಅದು ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ, 50 ಸಿ.ಸಿ. ಮೀರದ ಗೇರಿಲ್ಲದ ಗಾಡಿಗೆ ಮಾತ್ರ. ಮನೆಯ ಮುಂದೆ ನಿಂತಿರುವ ಸ್ಕೂಟರು ಸಾಮಾನ್ಯವಾಗಿ 110 ಸಿ.ಸಿ.ಯದು, ಅದಕ್ಕೆ ಹದಿನೆಂಟು ತುಂಬಲೇಬೇಕು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುವ ವಯಸ್ಸೆಲ್ಲ ಅದರಲ್ಲೇ ಕಳೆಯಿತು.

ಹಾಗೆಂದು ಕೀಲಿ ಕೊಡುವ ತಾಯಂದಿರನ್ನು ಬೈದು ಫಲವಿಲ್ಲ. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟ ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಉರುಳಿ, ಸತ್ತವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಬಸ್ಸಿನ ಫುಟ್‌ಬೋರ್ಡಿಗಿಂತ ಸ್ಕೂಟರೇ ವಾಸಿ ಎಂದು ತಾಯಿಗೆ ಅನ್ನಿಸಿದರೆ ಅದು ಬರೀ ಮುದ್ದಿನ ಮಾತಲ್ಲ. ಹೊತ್ತಿಗೆ ಸರಿಯಾದ ಬಸ್ಸು ಕೊಡದೆ ಕಾನೂನಿನ ಕಲಮು ತೋರಿಸುವುದು ಅರ್ಧ ಕೆಲಸ.

ಹದಿನೆಂಟು ತುಂಬಿದವರು ಶಾಲೆಗೆ ಹಣ ಕಟ್ಟುವ ಮುನ್ನ ಒಂದೆರಡು ಮಾತು ಕೇಳಬೇಕು. ‘ಆನ್‌ಲೈನ್ ಕೋರ್ಸು’ ಎಂದು ಯಾರಾದರೂ ಹೇಳಿದರೆ ರಸ್ತೆಯ ಹತ್ತು ಗಂಟೆ ಎಲ್ಲಿ ಎಂದು ಕೇಳಿ. ಕಾರಿನಲ್ಲಿ ಮೇಷ್ಟರ ಕಾಲಿಗೂ ಬ್ರೇಕು ಇದೆಯೇ ನೋಡಿ, ಅದು ನಿಯಮ. ಯಾವ ವಿದ್ಯಾರ್ಥಿ ಎಷ್ಟು ಗಂಟೆ ಓಡಿಸಿದ ಎಂದು ಬರೆದಿಡಲು ಶಾಲೆಗಳಿಗೆ ನಮೂನೆ 15ರ ಪುಸ್ತಕವಿದೆ. ಮಗನ ಅಥವಾ ಮಗಳ ಪುಟ ತೆಗೆಸಿ ನೋಡಲು ಸಂಕೋಚ ಬೇಡ.