ದೂರಶಿಕ್ಷಣವೂ ಕೈಗಾರಿಕೆಯ ಉದ್ಯೋಗವೂ: ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಗಳನ್ನು ಕುರಿತು ಒಂದು ವಿಚಾರ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರದಲ್ಲಿ ಹೈಸ್ಕೂಲು ಉಪಾಧ್ಯಾಯರಾದ ನಮ್ಮ ಮುಂದೆ ತಂದೆತಾಯಂದಿರು ತಪ್ಪದೆ ತರುವ ಪ್ರಶ್ನೆಯೊಂದುಂಟು. ಮಗನನ್ನೋ ಮಗಳನ್ನೋ ದೂರದ ಊರಿನಲ್ಲಿಟ್ಟು ಓದಿಸುವ ಶಕ್ತಿ ತಮಗಿಲ್ಲ. ಮನೆಯಲ್ಲಿದ್ದುಕೊಂಡೇ ತಾಂತ್ರಿಕ ವಿದ್ಯೆಯನ್ನು ಕಲಿತು ಕಾರ್ಖಾನೆಯಲ್ಲಿ ಕೆಲಸ ಹಿಡಿಯುವ ಮಾರ್ಗವಿದೆಯೆ ಎಂಬುದೇ ಆ ಪ್ರಶ್ನೆ. ಇದೆ ಎಂದು ಹೇಳುವ ಜಾಹೀರಾತುಗಳಿಗೆ ಕೊರತೆಯಿಲ್ಲ. ಆದರೆ ಎಷ್ಟು ಮಟ್ಟಿಗೆ ಇದೆ, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ತಿಳಿದು ಉತ್ತರ ಕೊಡುವುದು ಉಪಾಧ್ಯಾಯರ ಕರ್ತವ್ಯ. ಇದಕ್ಕೆ ಒಂದು ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ವಿಚಾರ ಮಾಡೋಣ.

ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳೆರಡೂ ಮೊದಲು ಮಧುರೆ ಜಿಲ್ಲೆಗೆ ಸೇರಿದ್ದುವು. ದಿಂಡಿಗಲ್ 1985ರಲ್ಲಿಯೂ ತೇನಿ 1996ರಲ್ಲಿಯೂ ಬೇರೆ ಜಿಲ್ಲೆಗಳಾದುವು. ಕಂಬಂ ಕಣಿವೆಯು ತೇನಿ ಜಿಲ್ಲೆಯಲ್ಲಿ, ಕೇರಳದ ಗಡಿಯನ್ನು ಒತ್ತಿಕೊಂಡಿದೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟು ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟದ ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿ ಈ ಕಣಿವೆಯನ್ನು ಹಸುರಾಗಿಸಿತು. ಕನ್ನಡಿಗರಿಗೆ ಈ ಸೀಮೆಯು ಪರಕೀಯವಲ್ಲ. ಇಲ್ಲಿನ ಕಪ್ಪಿಲಿಯರು ಮನೆಯಲ್ಲಿ ಕನ್ನಡವಾಡುವ ಒಕ್ಕಲು ಮಕ್ಕಳು. 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ಗ್ರಂಥದಲ್ಲಿಯೂ ಅವರನ್ನು ಮಧುರೆ, ತಿರುನೆಲ್ವೇಲಿ ಸೀಮೆಗಳ ಕನ್ನಡ ಬೇಸಾಯಗಾರರೆಂದೇ ಹೇಳಿದೆ. ತಮಿಳುನಾಡಿನ ನೇಕಾರರಾದ ದೇವಾಂಗರಲ್ಲಿಯೂ ಕನ್ನಡ ಮಾತಾಡುವವರುಂಟು. ಇಂಥ ಮನೆಗಳ ಮಗುವಿಗೆ ಮಾತು ಕನ್ನಡ, ಅಕ್ಷರ ತಮಿಳು, ಯಂತ್ರದ ಹೆಸರುಗಳು ಇಂಗ್ಲಿಷು. ಗಡಿನಾಡಿನ ಉಪಾಧ್ಯಾಯರೆಲ್ಲರೂ ದಿನದಿನವೂ ಕಾಣುವ ಸ್ಥಿತಿಯಿದು.

ಈ ಸೀಮೆಯಲ್ಲಿ ಕೈಗಾರಿಕೆಗೆ ಬರವಿಲ್ಲ. ದಿಂಡಿಗಲ್ಲು ಬೀಗಗಳಿಗೆ ಹೆಸರಾದ ಊರು. ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎರಡು ಜಿಲ್ಲೆಗಳಲ್ಲಿಯೂ ನೂಲಿನ ಗಿರಣಿಗಳಿವೆ; ಚಿನ್ನಾಳಪಟ್ಟಿ ಸುಂಗುಡಿ ಸೀರೆಗೆ ಪ್ರಸಿದ್ಧ. ಕೊರತೆಯಿರುವುದು ದಾರಿಯಲ್ಲಿ. ಬೋಡಿನಾಯಕನೂರಿಗೂ ಮಧುರೆಗೂ ಇದ್ದ ಮೀಟರ್‌ಗೇಜ್ ರೈಲನ್ನು ಅಗಲ ಹಳಿಗೆ ಬದಲಿಸಲೆಂದು 2010ರ ಕೊನೆಯಲ್ಲಿ ನಿಲ್ಲಿಸಿದರು. ರೈಲು ಮತ್ತೆ ತೇನಿಗೆ ಬಂದದ್ದು 2022ರಲ್ಲಿ, ಬೋಡಿಗೆ ಬಂದದ್ದು 2023ರಲ್ಲಿ. ಹನ್ನೆರಡು ವರ್ಷವೆಂದರೆ ಒಂದು ಮಗುವಿನ ಶಾಲಾ ಜೀವನವೆಲ್ಲ. ಇಂಥ ಕಡೆಗಳಲ್ಲಿ ಪಾಠವೇ ಮನೆಗೆ ಬರಲಿ ಎಂದು ಜನರು ಬಯಸುವುದು ಸಹಜವಾಗಿದೆ.

ಪಾಠವನ್ನು ದೂರಕ್ಕೆ ಕಳುಹಿಸುವ ಪ್ರಯತ್ನವು ಹೊಸದೇನೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1885ರ ಕಾನೂನು ಗಣಿಯ ಮೇಸ್ತ್ರಿಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಿತು. ಥಾಮಸ್ ಫಾಸ್ಟರ್ ಎಂಬ ಪತ್ರಿಕಾಕರ್ತನು ಗಣಿಗಾರರ ಪ್ರಶ್ನೆಗಳಿಗೆ ತನ್ನ ಪತ್ರಿಕೆಯಲ್ಲಿ ಉತ್ತರ ಬರೆಯುತ್ತಿದ್ದು, 1891ರಲ್ಲಿ ಸ್ಕ್ರ್ಯಾಂಟನ್ ಪಟ್ಟಣದಿಂದ ಅಂಚೆಯ ಮೂಲಕವೇ ಪಾಠ ಕಳುಹಿಸತೊಡಗಿದನು. ನಮ್ಮ ದೇಶದಲ್ಲಿ 1975-76ರಲ್ಲಿ ಉಪಗ್ರಹದ ದೂರದರ್ಶನ ಪ್ರಯೋಗವು ಕರ್ನಾಟಕದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನೂ ಮುಟ್ಟಿತು. 2003ರಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್.ಪಿ.ಟಿ.ಇ.ಎಲ್. ಎಂಬ ಪಾಠಮಾಲೆಯನ್ನು ಆರಂಭಿಸಿದುವು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೊದಲ ಪ್ರಯೋಗಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಪಾಲುಗೊಂಡಿತು. 2017ರಲ್ಲಿ ‘ಸ್ವಯಂ’ ಬಂದಿತು, ಐ.ಟಿ.ಐ. ಕಸುಬುಗಳಿಗಾಗಿ 2019ರಲ್ಲಿ ‘ಭಾರತ್ ಸ್ಕಿಲ್ಸ್’ ಬಂದಿತು. ಚೆನ್ನೈಯಲ್ಲಿ 1986ರಲ್ಲಿ ಸ್ಥಾಪಿತವಾದ ಸಂಸ್ಥೆಯೊಂದು, ಈಗ ನಿಮಿ ಎಂದು ಹೆಸರಾದುದು, ಇದೇ ಕಸುಬುಗಳ ಪಠ್ಯಪುಸ್ತಕಗಳನ್ನು ತಮಿಳಿನಲ್ಲಿಯೂ ಒದಗಿಸುತ್ತಿದೆ.

ಸ್ಕ್ರ್ಯಾಂಟನ್ನಿನ ಪಾಠವು ಏಕೆ ಫಲಿಸಿತೆಂಬುದು ಇಲ್ಲಿ ಮುಖ್ಯ. ಆ ಪಾಠವನ್ನು ಓದಿದವರು ಆಗಲೇ ಗಣಿಯೊಳಗೆ ದುಡಿಯುತ್ತಿದ್ದವರು. ಅವರ ಕೈಗೆ ಕೆಲಸ ತಿಳಿದಿತ್ತು. ಗಾಳಿ, ಅನಿಲ, ಒತ್ತಡಗಳ ಲೆಕ್ಕ ಮಾತ್ರ ತಿಳಿದಿರಲಿಲ್ಲ. ಅಂಚೆಯು ಲೆಕ್ಕವನ್ನು ತಂದಿತು. ಕೈಯ ಕೆಲಸವನ್ನು ಅಂಚೆಯು ಕಲಿಸಲಿಲ್ಲ, ಕಲಿಸಬೇಕಾಗಿಯೂ ಇರಲಿಲ್ಲ.

ಇದನ್ನು ದಿಂಡಿಗಲ್ಲಿನ ಬೀಗದಿಂದಲೇ ವಿವರಿಸಬಹುದು. ಲಿವರ್ ಬೀಗದೊಳಗೆ ತೆಳುವಾದ ಲೋಹದ ತಗಡುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಪ್ರತಿಯೊಂದು ತಗಡಿನಲ್ಲಿಯೂ ಒಂದು ಕಂಡಿಯಿದೆ. ಬೀಗದ ಕೈ ತಿರುಗಿದಾಗ ಅದರ ಹಲ್ಲುಗಳು ಆಯಾ ತಗಡನ್ನು ಗೊತ್ತಾದ ಎತ್ತರಕ್ಕೆ ಎತ್ತುತ್ತವೆ. ಎಲ್ಲ ಕಂಡಿಗಳೂ ಒಂದೇ ಸಾಲಿಗೆ ಬಂದರೆ ಅಗುಳಿಯು ಸರಿಯುವುದು. ಒಂದೇ ಒಂದು ತಗಡು ಹೆಚ್ಚಾಗಿ ಎದ್ದರೂ ಕಡಿಮೆಯಾಗಿ ಎದ್ದರೂ ಅಗುಳಿ ಅಲುಗದು. ಈ ತತ್ತ್ವವನ್ನು ಚಲಿಸುವ ಚಿತ್ರದಲ್ಲಿ ತೋರಿಸಿದರೆ ಕರಿಹಲಗೆಯ ಮೇಲೆ ಬರೆದುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಇಲ್ಲಿ ದೂರದ ಪಾಠವೇ ಮೇಲು. ಆದರೆ ಹಲ್ಲನ್ನು ಅರದಿಂದ ಉಜ್ಜುವಾಗ ಎಲ್ಲಿ ಕೈ ನಿಲ್ಲಿಸಬೇಕು, ಅರವು ವಾಲದಂತೆ ಎರಡು ಕೈಗಳ ಭಾರವನ್ನು ಹೇಗೆ ಹಂಚಬೇಕು ಎಂಬುದು ಬೀಗದ ಕುಶಲಕರ್ಮಿಯ ಪಕ್ಕದಲ್ಲಿ ನಿಂತು, ಹತ್ತು ತುಂಡು ಕೆಡಿಸಿ, ಹನ್ನೊಂದನೆಯದರಲ್ಲಿ ಕಲಿಯತಕ್ಕ ವಿದ್ಯೆ. 2020ರ ಮಾರ್ಚಿಯಲ್ಲಿ ಶಾಲೆಗಳೂ ತರಬೇತಿ ಕೇಂದ್ರಗಳೂ ಮುಚ್ಚಿದಾಗ ದೇಶಕ್ಕೆಲ್ಲ ಇದರ ಅನುಭವವಾಯಿತು. ಸಿದ್ಧಾಂತದ ಪಾಠಗಳು ಮೊಬೈಲಿನಲ್ಲಿ ಬಂದುವು. ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸು ಯಾರ ಮನೆಗೂ ಬರಲಿಲ್ಲ.

ನ್ಯಾಯಾಲಯದ ಅಭಿಪ್ರಾಯವೂ ಇದೇ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅಗತ್ಯವಾದ ಅನುಮತಿಯಿಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿಗಳನ್ನು ಕೊಟ್ಟಿದ್ದುವು. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟು 2001ರಿಂದ 2005ರವರೆಗಿನ ಅವಧಿಯಲ್ಲಿ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಅವರು ಪರೀಕ್ಷೆಗೆ ಕೂರಬೇಕೆಂದು ವಿಧಿಸಿತು; ಆ ಮೇಲೆ ಸೇರಿದವರ ಪದವಿಗಳನ್ನು ರದ್ದುಮಾಡಿತು. ವರ್ಷಗಟ್ಟಲೆ ಹಣವನ್ನೂ ಆಯುಸ್ಸನ್ನೂ ತೆತ್ತವರ ಕೈಯಲ್ಲಿ ಕಾಗದ ಮಾತ್ರ ಉಳಿಯಿತು. ಆದುದರಿಂದ ಯಾವುದೇ ಪ್ರಮಾಣಪತ್ರಕ್ಕೆ ಮಗುವನ್ನು ಸೇರಿಸುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವಂತೆ ಪೋಷಕರಿಗೆ ನಾವು ತಿಳಿಸಬೇಕು: ಇದಕ್ಕೆ ಮಾನ್ಯತೆ ಕೊಟ್ಟ ಸರ್ಕಾರಿ ಮಂಡಲಿ ಯಾವುದು? ಕೈಕೆಲಸದ ಅಭ್ಯಾಸ ಯಾವ ಕಾರ್ಯಾಗಾರದಲ್ಲಿ, ಎಷ್ಟು ಗಂಟೆ? ಪರೀಕ್ಷೆಯನ್ನು ನಡೆಸುವವರಾರು? ಎರಡನೆಯದಕ್ಕೆ ಉತ್ತರ ಬಾರದಿದ್ದರೆ ಮಿಕ್ಕ ಎರಡನ್ನು ಕೇಳಬೇಕಾದುದಿಲ್ಲ.

ಹಾಗಾದರೆ ದೂರದ ಪಾಠವನ್ನು ಬಿಡಬೇಕೆ? ಕೂಡದು. ಅದನ್ನು ಅರ್ಧ ಪಾಠವೆಂದು ತಿಳಿದು, ಉಳಿದ ಅರ್ಧವನ್ನು ಊರಿನಲ್ಲಿ ಹುಡುಕಿಕೊಡುವುದು ಶಾಲೆಯ ಕೆಲಸ. ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೇ ಇದನ್ನು ತೊಡಗಬಹುದು.

ಮೊದಲನೆಯದು ಅಳತೆ. ಒಂದು ವರ್ನಿಯರ್ ಕ್ಯಾಲಿಪರ್ ಶಾಲೆಯಲ್ಲಿದ್ದರೆ ಸಾಕು. ಮುಖ್ಯ ಮಾಪಕದ 49 ಮಿಲಿಮೀಟರನ್ನು ವರ್ನಿಯರಿನಲ್ಲಿ 50 ಭಾಗ ಮಾಡಿದ್ದರೆ, ಅದು ತೋರಿಸುವ ಅತಿ ಸಣ್ಣ ಅಳತೆ 0.02 ಮಿಲಿಮೀಟರು. ಇದರ ತತ್ತ್ವವನ್ನು ದೂರದ ಪಾಠದಲ್ಲಿ ನೋಡಲಿ. ಆಮೇಲೆ ಬೀಗದ ತಗಡನ್ನು, ಸೈಕಲ್ಲಿನ ಗುಂಡನ್ನು ಕೈಯಾರೆ ಅಳೆಯಲಿ. ಒಂದೇ ವಸ್ತುವನ್ನು ಹತ್ತು ಮಕ್ಕಳು ಅಳೆದು ಅಂಕಿಗಳನ್ನು ಹೋಲಿಸಿದರೆ ಕಾರ್ಖಾನೆಯಲ್ಲಿ ‘ಇಷ್ಟು ವ್ಯತ್ಯಾಸ ಸಲ್ಲುತ್ತದೆ’ ಎಂಬುದರ ಅರ್ಥ ತಾನಾಗಿಯೇ ಹೊಳೆಯುತ್ತದೆ.

ಎರಡನೆಯದು ಲೆಕ್ಕ. ಗಿರಣಿಗಳಲ್ಲಿ ನೂಲಿನ ನಂಬರು ಎಂದರೆ ಒಂದು ಪೌಂಡಿಗೆ 840 ಗಜದ ಲಡಿಗಳೆಷ್ಟು ಎಂಬುದು. 40ನೇ ನಂಬರಿನ ನೂಲು ಒಂದು ಪೌಂಡಿಗೆ 33,600 ಗಜವಾಗುತ್ತದೆ. ಪರೀಕ್ಷಿಸುವವರು 120 ಗಜ ಸುತ್ತಿ ತೂಗಿ, 64.8ನ್ನು ಆ ಗ್ರಾಂ ತೂಕದಿಂದ ಭಾಗಿಸುತ್ತಾರೆ, ತೂಕ 1.62 ಗ್ರಾಂ ಬಂದರೆ ನಂಬರು 40. ನೂಲು ತೆಳುವಾದಷ್ಟೂ ನಂಬರು ಏರುವುದೇಕೆಂದು ಕೇಳಿದರೆ ವಿಲೋಮ ಪ್ರಮಾಣದ ಪಾಠವಾಯಿತು.

ಈ ಲೆಕ್ಕವು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಬೇಕು. ಈ ಜಿಲ್ಲೆಗಳೂ ಸೇರಿದಂತೆ ತಮಿಳುನಾಡಿನ ಪಡುವಣ ಭಾಗದ ಗಿರಣಿಗಳಲ್ಲಿ ‘ಸುಮಂಗಲಿ’ ಎಂದು ಕರೆಯಲಾದ ಪದ್ಧತಿಯೊಂದಿತ್ತು: ಹದಿಹರೆಯದ ಹುಡುಗಿಯರನ್ನು ಹಾಸ್ಟೆಲಿನಲ್ಲಿಟ್ಟು ಸುಮಾರು ಮೂರು ವರ್ಷ ದುಡಿಸಿ, ಕೊನೆಗೆ ಮದುವೆಯ ಖರ್ಚಿಗೆಂದು ಇಡಿಗಂಟಿನ ಹಣ ಕೊಡುವ ವಾಗ್ದಾನ. ನಡುವೆ ಬಿಟ್ಟವರಿಗೆ ಆ ಗಂಟು ಸಿಗದೆ ಹೋದುದೂ ಉಂಟು. ಗಿರಣಿಯ ಕೆಲಸ ಹೀನವೆಂದು ನಾವು ಹೇಳುವುದಿಲ್ಲ. ಹೆಸರಿಲ್ಲದ ಸಹಾಯಕಿಯಾಗಿ ಒಳಹೊಗುವುದಕ್ಕೂ ನೂಲನ್ನು ಪರೀಕ್ಷಿಸಬಲ್ಲವಳಾಗಿ, ಕರಾರನ್ನು ಓದಬಲ್ಲವಳಾಗಿ ಒಳಹೊಗುವುದಕ್ಕೂ ಇರುವ ಅಂತರವು ಆಕೆಯ ಜೀವಮಾನದ ಅಂತರ.

ಮೂರನೆಯದು ಕೈ. ಊರಿನ ಬೀಗದವರನ್ನು, ಬಡಗಿಗಳನ್ನು, ಮೋಟಾರು ರಿಪೇರಿಯವರನ್ನು ತಿಂಗಳಿಗೊಮ್ಮೆ ಶಾಲೆಗೆ ಕರೆದು ಗೌರವದಿಂದ ಪಾಠ ಹೇಳಿಸಬೇಕು. ಬೀಗದ ಮನೆಗಳ ಎಳೆಯರೇ ಆ ಕಸುಬಿನ ಕಡೆ ಮುಖ ಮಾಡದಿರುವಾಗ, ಶಾಲೆಯು ಕೊಡುವ ಮನ್ನಣೆಯು ಕಸುಬಿಗೂ ಒಂದು ಆಸರೆ. ಆ ಬಳಿಕ ಹತ್ತನೆಯ ತರಗತಿ ಮುಗಿಸಿದವರಿಗೆ ಐ.ಟಿ.ಐ.ಯ ಎರಡು ವರ್ಷದ ಫಿಟ್ಟರ್ ಮೊದಲಾದ ತರಬೇತಿ, ಅದರ ಮೇಲೆ 1961ರ ಶಿಕ್ಷುಕರ ಕಾಯಿದೆಯಂತೆ ಭತ್ಯದೊಡನೆ ಕಾರ್ಖಾನೆಯ ಅಭ್ಯಾಸ, ಬಯಸಿದವರಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶ, ಇವೇ ಭದ್ರವಾದ ಮೆಟ್ಟಲುಗಳು. ಒಂದೊಂದು ಮೆಟ್ಟಲಿನಲ್ಲಿಯೂ ದೂರದ ಪಾಠವು ಕೈದೀವಿಗೆಯಾಗುವುದು.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಅರಿಕೆ. ಕನ್ನಡದ ಅರವೇ ತಮಿಳಿನ ಅರಂ. ಉಳಿ, ನೂಲು ಎಂಬ ಮಾತುಗಳು ಎರಡು ಭಾಷೆಗಳಲ್ಲಿಯೂ ಒಂದೇ. ಮನೆಯಲ್ಲಿ ಈ ಮಾತುಗಳನ್ನು ಬಲ್ಲ ಮಗುವು ಪಾಠದಲ್ಲಿ ‘ಫೈಲ್’, ‘ಚಿಸೆಲ್’, ‘ಯಾರ್ನ್’ ಎಂದು ಕೇಳಿದಾಗ ತನಗೆ ಏನೂ ತಿಳಿಯದೆಂದು ಹಿಂಜರಿಯುತ್ತದೆ. ಗಡಿಭಾಗದ ಉಪಾಧ್ಯಾಯರು ತಮ್ಮ ತಮ್ಮ ಊರಿನ ಕಸುಬುಗಾರರ ಬಾಯಿಂದ ಉಪಕರಣಗಳ ಹೆಸರುಗಳನ್ನು ಬರೆದುಕೊಂಡು, ಮನೆಮಾತು, ನಾಡಮಾತು, ಇಂಗ್ಲಿಷು, ಉಪಯೋಗ ಎಂಬ ನಾಲ್ಕು ಕಲಂಗಳ ಪಟ್ಟಿ ಮಾಡಿದರೆ ಅದು ಭಾಷಾ ಸಂಶೋಧನೆಯೂ ಹೌದು, ಪಾಠದ ಸಾಮಗ್ರಿಯೂ ಹೌದು. ಪ್ರತಿ ಶಾಲೆಯಿಂದ ಐವತ್ತು ಮಾತುಗಳು ಬಂದರೆ, ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟುಗೂಡಿಸಿ ಅಚ್ಚುಮಾಡುವುದು ಕಷ್ಟವಾಗಲಾರದು.